ಎತ್ತಿ ಕುಡಿಯುವವನ ಸೈಕಲ್ ಸವಾರಿ

ಅನಂತರಾಮು ಅವತ್ತು ಹೇಳಿದ್ದು ಪೂರ್ತಿ ಸುಳ್ಳಲ್ಲ. ಮೈಸೂರಿನಲ್ಲಿ ಕಾಲೇಜು ಓದುವಾಗ ಅವನು ನಂಜನಗೂಡಿಗೆ ಸೈಕಲ್ ತುಳಿದುಕೊಂಡು ಹೋಗಿದ್ದು ನಿಜ. ಅದು ಏಪ್ರಿಲ್ ತಿಂಗಳ ಬಿಸಿಲು ಅನ್ನುವುದೂ ನಿಜ. ಒಂದೇ ಸಲ ಹೋಗಿದ್ದನ್ನು ‘ಪ್ರತಿ ಸೋಮವಾರ’ ಅಂದ. ದಾರಿಯಲ್ಲಿ ಮೂರು ಕಡೆ ಎಳನೀರು ಕುಡಿದದ್ದನ್ನು ‘ಒಂದು ಹನಿ ನೀರು ಮುಟ್ಟದೆ’ ಅಂದ. ವಾಪಸು ಬರುವಾಗ ಸೈಕಲ್ಲನ್ನು ರೈಲಿಗೆ ಹಾಕಿಕೊಂಡು ಬಂದದ್ದನ್ನು ಹೇಳಲೇ ಇಲ್ಲ. ವ್ಯತ್ಯಾಸ ಇಷ್ಟೇ. ಊರಿನ ಜಗಲಿಯ ಮೇಲೆ ಕೂತು ಹೇಳಿದ್ದರೆ ಇದರಿಂದ ಯಾರ ಗಂಟೂ ಹೋಗುತ್ತಿರಲಿಲ್ಲ. ಅವನು ಹೇಳಿದ್ದು ಕುವೈತಿನ ಮೈದಾನ್ ಹವಲ್ಲಿಯ ಒಂದು ಬಿಲ್ಡಿಂಗಿನ ಮೆಟ್ಟಿಲ ಮೇಲೆ, ತೊಂಬತ್ತನೇ ಇಸವಿಯ ಆಗಸ್ಟ್ ತಿಂಗಳ ಕೊನೆಯ ಸೋಮವಾರ. ಇರಾಕಿನ ಸೈನ್ಯ ಊರೊಳಗೆ ನುಗ್ಗಿ ಆಗಲೇ ನಾಲ್ಕನೇ ವಾರ ನಡೆಯುತ್ತಿತ್ತು.

ಕರೆಂಟು ಹೋಗಿ ಬಂದು ಮಾಡುತ್ತಿದ್ದುದರಿಂದ ಬಿಲ್ಡಿಂಗಿನವರೆಲ್ಲ ಮಧ್ಯಾಹ್ನ ಮೆಟ್ಟಿಲ ಮೇಲೆ ಕೂರುತ್ತಿದ್ದರು; ಕಲ್ಲು ಸ್ವಲ್ಪ ತಣ್ಣಗಿರುತ್ತಿತ್ತು. ಕೆಳಗಿನ ಮೆಟ್ಟಿಲಲ್ಲಿ ಅಲಿಕುಂಞಿ, ರಸ್ತೆಯ ಮೂಲೆಯ ದಿನಸಿ ಅಂಗಡಿಯವನು. ಅವನ ಮೇಲೆ ಕೊನ್ರಾಡ್ ಮತ್ತು ಅವನ ಹೆಂಡತಿ ಅಪೊಲೋನಿಯಾ. ಕೊನ್ರಾಡ್ ಊರಾಚೆಯ ಸಬ್ಹಾನಿನ ಎಸಿ ಫ್ಯಾಕ್ಟರಿಯಲ್ಲಿ ವೆಲ್ಡರ್, ಅನಂತರಾಮು ಅದೇ ಫ್ಯಾಕ್ಟರಿಯ ಸ್ಟೋರ್ಸ್ ಸೂಪರ್‌ವೈಸರ್. ಅಪೊಲೋನಿಯಾ ಆಸ್ಪತ್ರೆಯಲ್ಲಿ ನರ್ಸು. ಎಲ್ಲರಿಗಿಂತ ಮೇಲೆ ಯಶೋಧರ. ಉಡುಪಿ ಕಡೆಯವನಾದ ಅವನು ಪಕ್ಕದ ಬೀದಿಯಲ್ಲಿ ಊಟದ ಮೆಸ್ ನಡೆಸುತ್ತಿದ್ದ. ಈಗ ಅಕ್ಕಿ ಮೆಸ್ಸಿಗೆ ಸಾಲದಾದ ಮೇಲೆ ಜನರನ್ನು ಊರಿಗೆ ಕಳಿಸುವ ಬಸ್ಸಿನ ಉಸ್ತುವಾರಿ ವಹಿಸಿಕೊಂಡಿದ್ದ.

“ಶುಕ್ರವಾರ ಬೆಳಿಗ್ಗೆ ಬಸ್ಸು,” ಅಂದ ಯಶೋಧರ. “ಬಾಗ್ದಾದ್, ಅಲ್ಲಿಂದ ಜೋರ್ಡಾನ್ ಗಡಿ. ಗುರುವಾರ ಸಾಯಂಕಾಲ ಆರು ಗಂಟೆ ಒಳಗೆ ಪಾಸ್‌ಪೋರ್ಟ್ ನನ್ನ ಮೇಜಿಗೆ ಬರ್ಬೇಕು. ಪಾಸ್‌ಪೋರ್ಟ್ ಇಲ್ಲದವರ ಹೆಸರು ನಾನು ಬರೆಯುದಿಲ್ಲ. ಒಬ್ಬನಿಂದಾಗಿ ಗಡಿಯಲ್ಲಿ ಐವತ್ತು ಜನ ಬಾಕಿ ಆಗುದು ಬೇಡ.”

“ನಮ್ಮದೆಲ್ಲ ಸಬ್ಹಾನಿನಲ್ಲಿ ಕಫೀಲನ ಬೀರುವಿನಲ್ಲಿ ಉಂಟಲ್ಲ,” ಅಂದ ಕೊನ್ರಾಡ್. ಕಫೀಲ್ ಅಂದರೆ ಕೆಲಸ ಕೊಟ್ಟ ಧಣಿ; ಅವನು ಕೆಲಸದವರ, ಅವರ ಮನೆಯವರ ಪಾಸ್‌ಪೋರ್ಟನ್ನು ತನ್ನ ಬೀರುವಿನಲ್ಲಿಟ್ಟು ಬೀಗ ಹಾಕುವುದು ಅಲ್ಲಿನ ಪದ್ಧತಿ. “ಹೋಗುದು ಹೇಗೆ? ಟ್ಯಾಕ್ಸಿ ಇಲ್ಲ. ರಾಯರ ಕಾರೂ ಹೋಯ್ತು.”

ರಾಯರೆಂದರೆ ಅನಂತರಾಮು. ಅವನ ಬಿಳಿ ಡಾಟ್ಸನ್ನನ್ನು ಸೈನಿಕರು ಎರಡನೇ ವಾರವೇ ಒಯ್ದಿದ್ದರು. ಒಯ್ಯುವಾಗ ಕ್ಲಚ್ ಸ್ವಲ್ಪ ಗಟ್ಟಿ ಅಂತ ಅವನೇ ತೋರಿಸಿಕೊಟ್ಟಿದ್ದ.

“ನನ್ನ ಅಂಗಡಿಯಲ್ಲಿ ಸೈಕಲ್ ಉಂಟು,” ಅಂದ ಅಲಿಕುಂಞಿ. “ಆದ್ರೆ ನಲವತ್ತೆಂಟು ಡಿಗ್ರಿ ಬಿಸಿಲು. ಯಾರು ತುಳಿಯುದು?”

“ನನಗೆ ಸೈಕಲ್ ವೆಲ್ಡ್ ಮಾಡ್ಲಿಕ್ಕೆ ಬರ್ತದೆ, ಬಿಡ್ಲಿಕ್ಕೆ ಬರುದಿಲ್ಲ,” ಅಂದ ಕೊನ್ರಾಡ್.

ಆಗ ಎಲ್ಲರೂ ನಿಧಾನಕ್ಕೆ ತಿರುಗಿ, ಐದು ನಿಮಿಷದ ಹಿಂದೆ ನಂಜನಗೂಡಿನ ಕಥೆ ಹೇಳಿ ಮುಗಿಸಿದ್ದ ಅನಂತರಾಮುವನ್ನು ನೋಡಿದರು. ಕಚೇರಿಯ ಬೀಗದ ಕೈ ಇದ್ದದ್ದೂ ಅವನ ಹತ್ತಿರವೇ. ತನ್ನ ಬಾಯಿ ತನಗೇ ಇಷ್ಟು ಬೇಗ ಶತ್ರುವಾಗುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಆರಕ್ಕೆ ಹೊರಡುವುದು ಅಂತ ತೀರ್ಮಾನವಾಗಿತ್ತು. ಹೊರಟದ್ದು ಒಂಬತ್ತೂವರೆಗೆ. ಬಿಸಿಲಲ್ಲಿ ಸೈಕಲ್ ತುಳಿಯುವವನು ಏನು ಕುಡಿಯಬೇಕು ಅನ್ನುವ ವಿಷಯದಲ್ಲಿ ಬಿಲ್ಡಿಂಗಿನಲ್ಲಿ ನಾಲ್ಕು ಮತಗಳಿದ್ದವು, ನಾಲ್ಕರ ನಡುವೆಯೂ ರಾಜಿ ಇರಲಿಲ್ಲ.

ಅನಂತರಾಮುವಿನ ಹೆಂಡತಿ ರಾಜಮ್ಮ ನೀರು ಮಜ್ಜಿಗೆಗೆ ಉಪ್ಪು, ಇಂಗು, ಶುಂಠಿ ಹಾಕಿ ಒಂದು ಬಾಟಲಿ ತುಂಬಿಸಿದಳು. ಅಪೊಲೋನಿಯಾ ಚಮಚದಲ್ಲಿ ಅಳೆದು ಉಪ್ಪು ಸಕ್ಕರೆಯ ನೀರು ಮಾಡಿ ತಂದಳು. “ಸಾರ್, ಬಾಯಾರಿಕೆ ಆಗುವ ತನಕ ಕಾಯ್ಬಾರ್ದು. ಕಾಲು ಗಂಟೆಗೊಮ್ಮೆ ಎರಡು ಗುಟುಕು. ವಾಚ್ ನೋಡಿ ಕುಡೀಬೇಕು,” ಅಂದಳು. ಯಶೋಧರ ಗಂಜಿ ತಿಳಿಯ ಪಕ್ಷ. ಅಲಿಕುಂಞಿ ಹಾಲು ಹಾಕದ ಕರಿ ಚಹಾ ತಂದು, “ಬಿಸಿಗೆ ಬಿಸಿಯೇ ಮದ್ದು ಸಾರ್, ಮರುಭೂಮಿಯವರೆಲ್ಲ ಇದನ್ನೇ ಕುಡಿಯುದು,” ಅಂದ. ಯಾರನ್ನೂ ನೋಯಿಸಬಾರದು ಅಂತ ಅನಂತರಾಮು ನಾಲ್ಕನ್ನೂ ಸೈಕಲ್ಲಿಗೆ ಕಟ್ಟಿಸಿಕೊಂಡ.

ಆದರೆ ಯಾರಿಗೂ ಹೇಳದ ಒಂದು ತೊಡಕಿತ್ತು. ಅನಂತರಾಮು ಬಾಟಲಿ ಕಚ್ಚಿ ಕುಡಿಯುವವನಲ್ಲ, ಎತ್ತಿ ಕುಡಿಯುವವನು. ತುಟಿಗೆ ತಾಗಿಸಿದರೆ ಅದು ಎಂಜಲು. ಕುವೈತಿಗೆ ಬಂದ ಹದಿಮೂರು ವರ್ಷದಲ್ಲಿ ಅವನ ಸಂಧ್ಯಾವಂದನೆ ಹೋಗಿತ್ತು, ಏಕಾದಶಿ ಹೋಗಿತ್ತು, ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಎರಡು ಸಲ ಆಮ್ಲೆಟ್ಟು ತಿಂದು ಬಾಯಿ ಮುಕ್ಕಳಿಸಿ ಮನೆಗೆ ಬಂದದ್ದೂ ಇತ್ತು. ಹೋದ ಮಡಿಯೆಲ್ಲ ಒಟ್ಟಾಗಿ ಬಂದು ಬಾಟಲಿಯ ಬಾಯಲ್ಲಿ ಕೂತುಬಿಟ್ಟಿತ್ತು. ಅದೊಂದನ್ನು ಬಿಟ್ಟರೆ ತಾನು ಯಾರು ಅನ್ನುವುದೇ ಮರೆತುಹೋಗುತ್ತದೆ ಅನ್ನುವ ಭಯ ಅವನಿಗೆ.

ಎತ್ತಿ ಕುಡಿಯುವುದು ಕೂತಲ್ಲಿ ಸುಲಭ, ಸೈಕಲ್ಲಿನ ಮೇಲೆ ಅಲ್ಲ. ಮೊದಲ ಕಾಲು ಗಂಟೆಗೆ ವಾಚ್ ನೋಡಿ, ತಲೆ ಹಿಂದಕ್ಕೆ ವಾಲಿಸಿ, ಬಾಟಲಿ ಎತ್ತಿದ. ಮಜ್ಜಿಗೆ ಮೂಗಿಗೆ ಹೋಯಿತು, ಸೈಕಲ್ ಫುಟ್‌ಪಾತಿಗೆ ಹೋಯಿತು, ಶುಂಠಿಯ ಚೂರು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಆಮೇಲೆ ಪ್ರತಿ ಸಲವೂ ಇಳಿದು, ಸ್ಟ್ಯಾಂಡು ಹಾಕಿ, ಕುಡಿದು, ಮತ್ತೆ ಹತ್ತುವುದು ಅಂತ ನಿಯಮ ಮಾಡಿಕೊಂಡ. ಐದನೇ ರಿಂಗ್ ರೋಡಿಗೆ ಬರುವಷ್ಟರಲ್ಲಿ ತುಳಿದದ್ದಕ್ಕಿಂತ ಇಳಿದು ಹತ್ತಿದ್ದೇ ಜಾಸ್ತಿಯಾಗಿತ್ತು.

ಅಲ್ಲಿ ಸೈನಿಕರ ತಪಾಸಣೆ. ಮರಳಿನ ಚೀಲದ ಹಿಂದಿನಿಂದ ನಲವತ್ತರ ಆಸುಪಾಸಿನ, ಕಣ್ಣು ಕೆಂಪಾದ ಸೈನಿಕನೊಬ್ಬ ಎದ್ದು ಬಂದ. ನಾಲ್ಕು ಬಣ್ಣದ ನಾಲ್ಕು ಬಾಟಲಿ ನೋಡಿ ಅವನಿಗೆ ಅನುಮಾನ ಬಂತು. ಮೊದಲು ಮಜ್ಜಿಗೆಯ ಮುಚ್ಚಳ ತೆಗೆದು ಮೂಸಿದ. ಆಮೇಲೆ ಬಾಟಲಿಯ ಬಾಯನ್ನು ತನ್ನ ಮೀಸೆಯೊಳಗೆ ಪೂರ್ತಿ ಸೇರಿಸಿಕೊಂಡು ಒಂದು ಗುಟುಕು ಕುಡಿದ.

“ಲಬನ್,” ಅಂದ. ಅರಬಿಯಲ್ಲಿ ಮಜ್ಜಿಗೆಗೆ ಹಾಗೇ ಅನ್ನುವುದು. ಅವನ ಮುಖ ಅರಳಿತು.

ಕರ್ತವ್ಯನಿಷ್ಠನಾದ್ದರಿಂದ ಉಳಿದ ಮೂರು ಬಾಟಲಿಯನ್ನೂ ಹಾಗೇ ಒಂದೊಂದು ಗುಟುಕು ಪರೀಕ್ಷಿಸಿದ. ಆ ಬಿಸಿಲಿನಲ್ಲಿ ನಾಲ್ಕನ್ನೂ ಬರಿದು ಮಾಡಿದ್ದರೆ ಕೇಳುವವರು ಯಾರಿದ್ದರು? ಆದರೆ ಮನುಷ್ಯ ಒಳ್ಳೆಯವನು, ದಾರಿಹೋಕನ ನೀರಿಗೆ ಆಸೆಪಡಲಿಲ್ಲ. ಮುಚ್ಚಳಗಳನ್ನು ಬಿಗಿಯಾಗಿ ತಿರುಗಿಸಿ, ಬಾಟಲಿಗಳನ್ನು ಜಾಗದಲ್ಲಿಟ್ಟು, “ಯಲ್ಲಾ,” ಅಂತ ದಾರಿ ಬಿಟ್ಟ.

ಅನಂತರಾಮು ಒಂದು ಮೈಲಿ ಮುಂದೆ ಹೋದ. ನಾಲಿಗೆ ಅಂಗುಳಿಗೆ ಅಂಟಿತು. ಇಳಿದು ಸ್ಟ್ಯಾಂಡು ಹಾಕಿ ಬಾಟಲಿಗಳನ್ನು ನೋಡಿದ. ನಾಲ್ಕೂ ಹೆಚ್ಚುಕಡಿಮೆ ತುಂಬಿದ್ದವು, ನಾಲ್ಕೂ ಎಂಜಲಾಗಿದ್ದವು. ಎತ್ತಿ ಕುಡಿದರೂ ಮೀಸೆ ಮುಳುಗಿದ್ದ ನೀರು ಎಂಜಲೇ ತಾನೆ? ಹತ್ತು ನಿಮಿಷ ನಿಂತು ಯೋಚಿಸಿ, ಕಣ್ಣು ಕತ್ತಲೆ ಬರುವ ಮೊದಲು ಸೈಕಲ್ಲನ್ನು ಮನೆಯ ಕಡೆ ತಿರುಗಿಸಿದ. ತುಂಬಿದ ಬಾಟಲಿ ಹೊತ್ತು ಬಂದರೆ ಜನ ಕೇಳುತ್ತಾರಲ್ಲ. ಮಸೀದಿಯ ಪಕ್ಕದ ಖರ್ಜೂರದ ಮರದ ಬುಡಕ್ಕೆ ನಾಲ್ಕನ್ನೂ ಸುರಿದ.

“ಏನಾಯ್ತು ಸಾರ್?” ಅಂತ ಅಪೊಲೋನಿಯಾ ಕೇಳಿದಳು.

“ನೀರು ಸಾಲಲಿಲ್ಲ,” ಅಂದ ಅನಂತರಾಮು, ಮೆಟ್ಟಿಲ ಮೇಲೆ ಕುಸಿದು.

ಎಲ್ಲ ಅನಾಹುತವೂ ಈ ಎರಡು ಪದದಿಂದ ಶುರುವಾಯಿತು.

ನೀರು ಸಾಲದಿದ್ದರೆ ಜಾಸ್ತಿ ಕೊಡಬೇಕು. ಬುಧವಾರ ಎಂಟು ಬಾಟಲಿ, ಜೊತೆಗೆ ಕ್ಯಾರಿಯರಿನ ಮೇಲೆ ಹತ್ತು ಲೀಟರಿನ ಕ್ಯಾನು. ಕೊನ್ರಾಡ್ ಕಬ್ಬಿಣದ ಪಟ್ಟಿ ಕಟ್ಟಿ ಬಾಟಲಿ ಇಡಲು ಜಾಗ ಮಾಡಿಕೊಟ್ಟ. ಸೈಕಲ್ಲನ್ನು ಇಬ್ಬರು ಹಿಡಿದುಕೊಂಡರೆ ಮಾತ್ರ ಅನಂತರಾಮು ಹತ್ತಬಹುದಿತ್ತು; ಇಳಿದರೆ ಮತ್ತೆ ಹತ್ತುವ ಹಾಗಿಲ್ಲ. ಚೈನು ಮೂರು ಸಲ ಕಳಚಿತು, ಮೂರು ಸಲವೂ ದಾರಿಹೋಕರು ಹಿಡಿದು ಹತ್ತಿಸಿದರು.

ತಪಾಸಣೆಯ ಜಾಗದಲ್ಲಿ ಐದು ಜನ ಸೈನಿಕರು ಕಾಯುತ್ತಿದ್ದರು. ನಿನ್ನೆಯವನು ಮಜ್ಜಿಗೆಯ ಗುಣಗಾನ ಮಾಡಿದ್ದನೆಂದು ಕಾಣುತ್ತದೆ. ದೂರದಿಂದಲೇ “ಅಬೂ ಲಬನ್” ಅಂತ ಕೂಗಿ ಕರೆದರು. ಮಜ್ಜಿಗೆಯಪ್ಪ ಅಂತ ಅರ್ಥ. ಐವರೂ ಸಾಲಾಗಿ ನಿಂತು, ಎಲ್ಲ ಬಾಟಲಿಯನ್ನೂ ಒಬ್ಬರಾದ ಮೇಲೆ ಒಬ್ಬರು ಕಚ್ಚಿ ರುಚಿ ನೋಡಿ, ಇಂಗಿನ ವಿಷಯ ತಮ್ಮತಮ್ಮಲ್ಲೇ ಚರ್ಚೆ ಮಾಡಿ, ಕ್ಯಾನನ್ನೂ ಬಿಡದೆ ಎತ್ತಿ ಬಾಯಿಗಿಟ್ಟು, ಮುಕ್ಕಾಲು ಪಾಲು ಉಳಿಸಿ, ಬೆನ್ನು ತಟ್ಟಿ ಕಳಿಸಿದರು. ಅನಂತರಾಮುವಿಗೆ ಅಳು ಬಂತು. ಅವತ್ತು ಖರ್ಜೂರದ ಮರಕ್ಕೆ ಹದಿಮೂರು ಲೀಟರ್ ಬಿತ್ತು.

“ಅಷ್ಟೂ ಕುಡಿದ್ರಾ?” ಕೊನ್ರಾಡ್ ಖಾಲಿ ಕ್ಯಾನನ್ನು ತಲೆಕೆಳಗು ಮಾಡಿ ನೋಡಿದ.

“ಅಪ್ಪಾ, ಡಿಡ್ ಯು ಡ್ರಿಂಕ್ ಆಲ್ ದಟ್?” ಅಂದಳು ಒಂಬತ್ತು ವರ್ಷದ ಮಗಳು ಬೃಂದಾ.

ಅನಂತರಾಮು ತಲೆಯಾಡಿಸಿದ. ಯಾವ ಕಡೆಗೆ ಆಡಿಸಿದ ಅನ್ನುವುದು ಅವನಿಗೂ ತಿಳಿಯಲಿಲ್ಲ, ನೋಡಿದವರು ಹೌದು ಅಂದುಕೊಂಡರು.

ಅಪೊಲೋನಿಯಾ ಅವನ ಕೈ ಹಿಡಿದು ನಾಡಿ ನೋಡಿದಳು, ಕಣ್ಣಿನ ರೆಪ್ಪೆ ಎಳೆದು ನೋಡಿದಳು. ಹದಿನೈದು ವರ್ಷ ಆಸ್ಪತ್ರೆಯಲ್ಲಿ ದುಡಿದವಳು. “ಎರಡು ಗಂಟೆಯಲ್ಲಿ ಹದಿನೆಂಟು ಲೀಟರ್ ಕುಡಿದೂ ನಾಲಿಗೆ ಒಣಗಿದೆ. ರಾಜಮ್ಮಕ್ಕ, ಬೇಜಾರು ಮಾಡ್ಬೇಡಿ. ಇದು ಶುಗರ್.”

ಅರ್ಧ ಗಂಟೆಯಲ್ಲಿ ಬಿಲ್ಡಿಂಗಿಗೆಲ್ಲ ಸುದ್ದಿಯಾಯಿತು. ನಾಲ್ಕನೇ ಮಹಡಿಯಿಂದ ಯಾರೋ ಹಾಗಲಕಾಯಿ ಕಳಿಸಿದರು, ಯುದ್ಧದ ಹೊತ್ತಿನಲ್ಲಿ ಅದು ಎಲ್ಲಿ ಸಿಕ್ಕಿತೋ ದೇವರೇ ಬಲ್ಲ. ಕೊನ್ರಾಡ್ ಪಕ್ಕದಲ್ಲಿ ಕೂತು, ತನ್ನ ಮಾವ ಇದೇ ಕಾಯಿಲೆಯಲ್ಲಿ ಕಾಲು ಕಳೆದುಕೊಂಡದ್ದನ್ನು ಸಮಾಧಾನಕ್ಕೆಂದು ಹೇಳಿದ.

ಸಂಜೆ ಯಶೋಧರ ಬಂದ. ಕೂರಲಿಲ್ಲ, ಬಾಗಿಲಲ್ಲೇ ನಿಂತ.

“ರಾಯರೆ, ಹೇಳ್ಲಿಕ್ಕೆ ನನಗೆ ಮನಸ್ಸಿಲ್ಲ. ಬಸ್ಸಿನಲ್ಲಿ ಒಬ್ಬರಿಗೆ ದಿನಕ್ಕೆ ಎರಡು ಲೀಟರ್ ನೀರು. ಮೂರು ದಿನದ ಮರುಭೂಮಿ. ನಿಮಗೊಬ್ಬರಿಗೇ ಒಂದು ಟ್ಯಾಂಕರ್ ಬೇಕಾಗ್ತದೆ. ಅಮ್ಮ, ಮಗು ಹೋಗ್ಲಿ. ನಿಮ್ಮದು ಆಮೇಲೆ ನೋಡುವ.”

“ಯಶೋಧರ, ನಾನು…”

“ಮೊದಲು ಪಾಸ್‌ಪೋರ್ಟ್ ಬರ್ಲಿ ಮಾರಾಯ್ರೆ. ನಾಳೆ ಆರು ಗಂಟೆ,” ಅಂದು ಅವನು ಇಳಿದು ಹೋದ.

ಬಾಗಿಲು ಹಾಕಿದ ಮೇಲೆ ಅನಂತರಾಮು ಹೆಂಡತಿಗೆ ಎಲ್ಲವನ್ನೂ ಹೇಳಿದ. ಸೈನಿಕನ ಮೀಸೆ, ಐದು ಜನ, ಖರ್ಜೂರದ ಮರ. ರಾಜಮ್ಮ ಬಟ್ಟೆ ಮಡಚುವುದನ್ನು ನಿಲ್ಲಿಸಿ ಕೇಳಿದಳು. ಎತ್ತಿ ಕುಡಿಯುವ ಮನೆತನವೇ ಅವಳದ್ದೂ.

“ಹಾಲಿನ ಪುಡಿ ಡಬ್ಬದ ತಳ ಕೆರೆದು ಮೊಸರು ಮಾಡಿದೆ ಕಣ್ರೀ,” ಅಂದಳು. “ಬೃಂದಾ ಹಾಲು ಕೇಳಿದ್ರೆ ನಾಳೆ ಕೊಡ್ತೀನಿ ಅಂದೆ. ಅದನ್ನ ಮರದ ಬುಡಕ್ಕೆ ಹಾಕಿ ಬಂದ್ರಾ?”

“ಎಂಜಲಾಗಿತ್ತು ಕಣೇ.”

“ಸರಿ. ನಮ್ಮಿಬ್ಬರನ್ನ ಬಸ್ಸು ಹತ್ತಿಸಿ ನೀವಿಲ್ಲಿ ಮಡಿಯಾಗಿ ಕೂತಿರಿ.” ಅಷ್ಟು ಹೇಳುವಷ್ಟರಲ್ಲಿ ಅವಳು ಅಳುತ್ತಿದ್ದಳು.

ಅನಂತರಾಮುವಿಗೆ ನಾಚಿಕೆಯಾಯಿತು. ಜೀವಮಾನದಲ್ಲಿ ಅಷ್ಟು ನಾಚಿಕೆ ಅವನಿಗೆ ಯಾವತ್ತೂ ಆಗಿರಲಿಲ್ಲ. “ಈಗಲೇ ಕೆಳಗೆ ಹೋಗಿ ಎಲ್ಲರಿಗೂ ನಿಜ ಹೇಳಿಬಿಡ್ತೀನಿ,” ಅಂತ ಎದ್ದ.

“ಕೂತ್ಕೊಳ್ಳಿ. ಎಂಜಲು ಅಂತ ಎರಡು ದಿನ ಎಲ್ಲರ ಪಾಸ್‌ಪೋರ್ಟ್ ಬಿಟ್ಟು ಬಂದ್ರು ಅಂತ ಗೊತ್ತಾದ್ರೆ ಅಪೊಲೋನಿಯಾ ಮುಖ ನಾನು ಹೇಗೆ ನೋಡಲಿ? ಅದಕ್ಕಿಂತ ಶುಗರ್ರೇ ಮೇಲು. ನಾಳೆ ಒಂದೇ ಒಂದು ಬಾಟಲಿ ತಗೊಂಡು ಹೋಗಿ, ಹೋಗಿ ಬಂದು ತೋರಿಸಿ.”

ಗುರುವಾರ ಬೆಳಿಗ್ಗೆ ಅನಂತರಾಮು ಒಂದೇ ಬಾಟಲಿ ಕಟ್ಟಿಕೊಂಡು ಹೊರಟ. ಅಪೊಲೋನಿಯಾ ಶಿಲುಬೆಯ ಗುರುತು ಮಾಡಿಕೊಂಡಳು. ಅಲಿಕುಂಞಿ ಸೈಕಲ್ಲನ್ನು ಕೊನೆಯ ಸಲ ನೋಡುವವನ ಹಾಗೆ ಸೀಟು ಒರೆಸಿದ.

ತಪಾಸಣೆಯಲ್ಲಿ “ಲಬನ್ ಮಾಫಿ,” ಅಂದ ಅನಂತರಾಮು. ಮಜ್ಜಿಗೆ ಇಲ್ಲ. ಸೈನಿಕರ ಮುಖ ಬಾಡಿತು. ಅವರ ನೀರಿನ ಲಾರಿ ಎರಡು ದಿನದಿಂದ ಬಂದಿರಲಿಲ್ಲವಂತೆ. ಕೆಂಪು ಕಣ್ಣಿನವನ ತುಟಿ ಒಡೆದು ರಕ್ತ ಒಸರಿತ್ತು. ಅವನು ಆ ಒಂದೇ ಬಾಟಲಿಯನ್ನು ತೆಗೆದುಕೊಂಡು, ಒಂದೇ ಗುಟುಕು ಕುಡಿದು, ಜೊತೆಗಾರರಿಗೂ ಕೊಡದೆ ಮುಚ್ಚಳ ತಿರುಗಿಸಿ ವಾಪಸು ಕೊಟ್ಟ. ಅನಂತರಾಮು ಬಾಟಲಿ ಕಟ್ಟಿಕೊಂಡು ಮುಂದೆ ತುಳಿದ.

ಆರನೇ ರಿಂಗ್ ರೋಡಿನ ಸೇತುವೆಯ ನೆರಳಿಗೆ ಬರುವಷ್ಟರಲ್ಲಿ ಬೆವರು ನಿಂತುಹೋಗಿತ್ತು. ಬೆವರು ನಿಂತರೆ ಅಪಾಯ ಅಂತ ಅಪೊಲೋನಿಯಾ ಹೇಳಿದ್ದಳು. ರಸ್ತೆ ಎರಡೆರಡಾಗಿ ಕಾಣುತ್ತಿತ್ತು, ಎರಡೂ ಸಬ್ಹಾನಿಗೆ ಹೋಗುತ್ತಿದ್ದವು. ಅನಂತರಾಮು ಬಾಟಲಿ ಎತ್ತಿದ. ಅರ್ಧ ಗುಟುಕು ಕೊರಳಪಟ್ಟಿಗೆ ಬಿತ್ತು. ಚೆಲ್ಲಿದ್ದನ್ನು ನೋಡಿ ಅವನಿಗೆ ಹೆದರಿಕೆಯಾಯಿತು. ಆಮೇಲೆ ಕಣ್ಣು ಮುಚ್ಚಿ ಬಾಟಲಿಯ ಬಾಯನ್ನು ತುಟಿಯೊಳಗೆ ಇಟ್ಟುಕೊಂಡ. ನೀರಿಗೆ ಅಗ್ಗದ ಸಿಗರೇಟಿನ ವಾಸನೆ ಇತ್ತು, ಸ್ವಲ್ಪ ಉಪ್ಪಿನ ರುಚಿ ಇತ್ತು. ಆ ಉಪ್ಪು ಯಾರದ್ದು ಅಂತ ಅವನು ಯೋಚಿಸಲಿಲ್ಲ. ತುಟಿ ಕೊಟ್ಟು ಕುಡಿದರೆ ಸೈಕಲ್ಲಿನಿಂದ ಇಳಿಯಬೇಕಾಗಿಯೇ ಇಲ್ಲ, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಹೋಗುತ್ತಲೇ ಕುಡಿಯಬಹುದು ಅನ್ನುವ ಲೋಕಜ್ಞಾನ ನಲವತ್ತೊಂದನೇ ವಯಸ್ಸಿನಲ್ಲಿ ಅವನಿಗೆ ಬಂತು. ಮುಕ್ಕಾಲು ಗಂಟೆಯಲ್ಲಿ ಫ್ಯಾಕ್ಟರಿ ಸೇರಿದ.

ಬೀಗದ ಕೈ ಬೇಕಾಗಲಿಲ್ಲ. ಗೇಟೂ ಇರಲಿಲ್ಲ, ಕಚೇರಿಯ ಬಾಗಿಲೂ ಇರಲಿಲ್ಲ. ತಾಮ್ರದ ಪೈಪು, ಮೋಟಾರು, ಫ್ಯಾನು ಎಲ್ಲ ಯಾರೋ ಹೊತ್ತೊಯ್ದಿದ್ದರು. ಬೀರು ಬಾಯಿ ತೆರೆದು ಬಿದ್ದಿತ್ತು. ಬಡವರ ಪಾಸ್‌ಪೋರ್ಟು ಯಾರಿಗೆ ಬೇಕು, ನೆಲದ ಮೇಲೆ ಚೆಲ್ಲಾಡಿದ್ದವು. ಅನಂತರಾಮು ಮಂಡಿಯೂರಿ ಒಂದೊಂದನ್ನೇ ತೆರೆದು ನೋಡಿದ. ಕೊನ್ರಾಡ್ ಸಿಕ್ಕಿದ, ಅಪೊಲೋನಿಯಾ ಸಿಕ್ಕಿದಳು. ರಾಜಮ್ಮ ಸಿಕ್ಕಿದಳು. ಎರಡು ಜಡೆ ಹಾಕಿಕೊಂಡ ಬೃಂದಾ ಸಿಕ್ಕಿದಳು. ಅವನದ್ದು ಸಿಗಲಿಲ್ಲ.

ಒಂದು ಗಂಟೆ ಹುಡುಕಿದ ಮೇಲೆ ಅವನಿಗೆ ನೆನಪಾಯಿತು. ಮೇ ತಿಂಗಳಲ್ಲಿ ಕಫೀಲ್ ಅವನ ಭುಜದ ಮೇಲೆ ಕೈ ಹಾಕಿ, ನೀನು ನನಗೆ ಬಹಳ ಬೇಕಾದವನು, ನಿನ್ನ ಪಾಸ್‌ಪೋರ್ಟನ್ನು ಕೂಲಿಗಳದ್ದರ ಜೊತೆ ಇಡುವುದಿಲ್ಲ, ನನ್ನ ಮನೆಯಲ್ಲಿ ನನ್ನ ಮಕ್ಕಳದ್ದರ ಜೊತೆ ಇಡುತ್ತೇನೆ ಅಂದಿದ್ದ. ಅವತ್ತು ಅನಂತರಾಮು ಮನೆಗೆ ಅರ್ಧ ಕಿಲೋ ಸಿಹಿ ತಂದಿದ್ದ. ಕಫೀಲ್ ಜುಲೈಯಲ್ಲೇ ಸಂಸಾರ ಸಮೇತ ಲಂಡನ್ನಿಗೆ ಹೋದವನು ವಾಪಸು ಬಂದಿರಲಿಲ್ಲ. ಅವನ ಮನೆಯಲ್ಲಿ ಈಗ ಸೇನಾಧಿಕಾರಿಗಳಿದ್ದರು.

ಬಿಸಿಲು ಇಳಿಯುವ ತನಕ ಫ್ಯಾಕ್ಟರಿಯ ನೆರಳಲ್ಲಿ ಕೂತಿದ್ದು ಹೊರಟ. ವಾಪಸು ಬರುವಾಗ ಕೆಂಪು ಕಣ್ಣಿನ ಸೈನಿಕ ನಾಲ್ಕು ಪಾಸ್‌ಪೋರ್ಟಿನ ನಾಲ್ಕು ಫೋಟೋವನ್ನೂ ಅನಂತರಾಮುವಿನ ಮುಖದ ಪಕ್ಕ ಹಿಡಿದು ನೋಡಿದ. ಒಂದಕ್ಕೂ ಹೋಲಲಿಲ್ಲ. ಅಪೊಲೋನಿಯಾಳದ್ದನ್ನು ಎರಡು ಸಲ ಹಿಡಿದು ನೋಡಿದ.

“ನಿನ್ನದು?”

“ಮಾಫಿ.”

ಸೈನಿಕ ನಾಲ್ಕನ್ನೂ ಅವನ ಜೇಬಿಗೆ ತುರುಕಿ ಕಳಿಸಿದ.

ಐದೂವರೆಗೆ ಅನಂತರಾಮು ಸೈಕಲ್ಲನ್ನು ಮೆಟ್ಟಿಲಿಗೆ ಒರಗಿಸಿದಾಗ ಬಿಲ್ಡಿಂಗಿನವರೆಲ್ಲ ಯಶೋಧರನ ಮೇಜಿನ ಸುತ್ತ ಇದ್ದರು. ಬಾಟಲಿಯ ತಳದಲ್ಲಿ ಇನ್ನೂ ಎರಡು ಬೆರಳು ನೀರಿತ್ತು. ಅಪೊಲೋನಿಯಾ ಅದನ್ನು ಎತ್ತಿ ಬೆಳಕಿಗೆ ಹಿಡಿದಳು.

“ಒಂದೇ ಬಾಟಲಿಯಲ್ಲಿ ಹೋಗಿ ಬಂದಿದ್ದಾರೆ. ಇದು ಶುಗರ್ ಅಲ್ಲವೇ ಅಲ್ಲ,” ಅಂದಳು.

ಯಶೋಧರನಿಗೆ ನಿಜವಾಗಿಯೂ ಸಂತೋಷವಾಯಿತು. “ಹಾಗಾದ್ರೆ ನೀವೂ ಬಸ್ಸಿಗೆ ರಾಯರೆ. ನೀರಿನದ್ದು ಒಂದೇ ನನಗೆ ತಲೆಬಿಸಿ ಇದ್ದದ್ದು,” ಅಂದು ಬರೆಯತೊಡಗಿದ. “ಕೊನ್ರಾಡ್. ಅಪೊಲೋನಿಯಾ. ರಾಜಮ್ಮ. ಬೃಂದಾ. ಅನಂತರಾಮು… ಎಲ್ಲಿ, ನಿಮ್ಮದು ಕೊಡಿ.”

ಅನಂತರಾಮು ಖಾಲಿ ಜೇಬನ್ನು ಹೊರಗೆಳೆದು ತೋರಿಸಿದ. ಯಶೋಧರ ಬರೆದದ್ದನ್ನು ನೋಡಿದ, ಅವನ ಮುಖ ನೋಡಿದ, ಆಮೇಲೆ ಆ ಐದನೇ ಹೆಸರಿನ ಮೇಲೆ ನಿಧಾನವಾಗಿ ಒಂದು ಗೆರೆ ಎಳೆದ. ರಾಯಭಾರ ಕಚೇರಿಯವರು ಬದಲಿ ಕಾಗದ ಕೊಡುತ್ತಾರಂತೆ, ಸಾಲಿನಲ್ಲಿ ನಿಲ್ಲಬೇಕಂತೆ, ಹತ್ತು ದಿನವಾದರೂ ಆಗಬಹುದಂತೆ ಅಂತ ಏನೇನೋ ಹೇಳಿದ. ರಾಜಮ್ಮ ತಾನೂ ಹೋಗುವುದಿಲ್ಲ ಅಂದಳು. ಮಗುವಿಗೆ ಹಾಲಿಲ್ಲ, ಹೋಗು ಅಂದ ಅನಂತರಾಮು. ಅವಳು ಮೇಲೆ ಹೋಗಿ ಮಗಳ ಬಟ್ಟೆ ಚೀಲಕ್ಕೆ ತುಂಬಿದಳು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಬಸ್ಸಿನ ಇಂಜಿನ್ ಶುರುವಾಯಿತು. ಕಿಟಕಿಯ ಪಕ್ಕ ಕೂತಿದ್ದ ರಾಜಮ್ಮ ತನ್ನ ಪಾಲಿನ ನೀರಿನ ಬಾಟಲಿ ತೆಗೆದಳು. ಬಸ್ಸಿನ ತುಂಬ ಜನ ನೋಡುತ್ತಿದ್ದ ಹಾಗೇ ಅದನ್ನು ತುಟಿಗೆ ಇಟ್ಟುಕೊಂಡು ಒಂದು ಗುಟುಕು ಕುಡಿದಳು. ಅಭ್ಯಾಸವಿಲ್ಲದ್ದರಿಂದ ನೀರು ಗಲ್ಲದ ಮೇಲೆ ಇಳಿಯಿತು. ಬಾಟಲಿಯನ್ನು ಕಿಟಕಿಯಿಂದ ಕೆಳಗೆ ನಿಂತ ಗಂಡನ ಕೈಗೆ ಕೊಟ್ಟಳು.

“ಕುಡೀರಿ.”

ಗಂಡನ ಎಂಜಲೆಲೆಯಲ್ಲಿ ಹೆಂಡತಿ ಉಣ್ಣುವುದನ್ನು ಅವನು ಮನೆಯಲ್ಲಿ ಕಂಡಿದ್ದ, ಹೀಗೆ ಕಂಡಿರಲಿಲ್ಲ. ಬಾಟಲಿಯನ್ನು ತುಟಿಗೆ ಇಟ್ಟು ಕುಡಿದು ವಾಪಸು ಕೊಡಲು ಹೋದ.

“ಇಟ್ಕೊಳ್ಳಿ. ನಾನು, ಬೃಂದಾ ಒಂದೇ ಬಾಟಲೀಲಿ ಕಚ್ಚಿ ಕುಡೀತೀವಿ,” ಅಂದಳು ರಾಜಮ್ಮ. ಬಸ್ಸು ಹೊರಟಿತು.

ಅನಂತರಾಮು ನಡುರಸ್ತೆಯಲ್ಲಿ ನಿಂತು ಜೋರಾಗಿ ಅತ್ತ. ಮುಂದಿನ ಕಿಟಕಿಯಿಂದ ಅಪೊಲೋನಿಯಾ ಅರ್ಧ ಮೈ ಹೊರಗೆ ಹಾಕಿ, ಬಸ್ಸು ತಿರುವು ದಾಟುವ ತನಕ ಕೂಗಿ ಹೇಳುತ್ತಲೇ ಇದ್ದಳು: “ಬಿಸಿಲಲ್ಲಿ ಹಾಗೆ ಅಳ್ಬೇಡಿ ಸಾರ್, ಮೈಯ ನೀರು ಹೋಗ್ತದೆ.”